ಆಫ್ ಮಾಡಿದ ಮೇಲೂ ಓಡುವ ಮೀಟರ್

ವರ್ಷಕ್ಕೆ 8,760 ಗಂಟೆ. ಮನೆಯ ಕರೆಂಟಿನ ಗುಟ್ಟು ಅರ್ಧಕ್ಕರ್ಧ ಈ ಒಂದು ಅಂಕಿಯಲ್ಲಿದೆ. ಬರೀ ಒಂದು ವ್ಯಾಟ್ ಎಳೆದುಕೊಳ್ಳುವ ಸಾಧನವೂ ಹಗಲಿರುಳು ಪ್ಲಗ್ಗಿನಲ್ಲೇ ಇದ್ದರೆ ವರ್ಷ ತುಂಬುವಷ್ಟರಲ್ಲಿ 8.76 ಯೂನಿಟ್ ಮುಗಿಸಿರುತ್ತದೆ. 2025-26ರಲ್ಲಿ ಬೆಸ್ಕಾಂ ಗೃಹಬಳಕೆಗೆ ಯೂನಿಟ್ಟಿಗೆ 5 ರೂ. 80 ಪೈಸೆ ದರ. ಅದರ ಮೇಲೆ ಶೇ. 9ರ ತೆರಿಗೆ, ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು 36 ಪೈಸೆ, ಆಗಾಗ ಏರಿಳಿಯುವ ಇಂಧನ ವೆಚ್ಚದ ಹೊಂದಾಣಿಕೆ. ಲೆಕ್ಕ ಸುಲಭವಾಗಲೆಂದು ಒಟ್ಟು 7 ರೂಪಾಯಿ ಎಂದಿಟ್ಟುಕೊಂಡರೆ, ನಿದ್ದೆಯಿಲ್ಲದ ಒಂದು ವ್ಯಾಟಿನ ವಾರ್ಷಿಕ ಬೆಲೆ 61 ರೂಪಾಯಿ.

ಅರವತ್ತೊಂದು ರೂಪಾಯಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಮನೆಯಲ್ಲಿ ಅಂಥ ವ್ಯಾಟುಗಳು ಎಷ್ಟಿವೆ, ಊರಿನಲ್ಲಿ ಅಂಥ ಮನೆಗಳು ಎಷ್ಟಿವೆ ಎಂದು ಗುಣಿಸುತ್ತ ಹೋದರೆ ಎದುರಿಗೆ ಬಂದು ನಿಲ್ಲುವುದು ಒಂದು ವಿದ್ಯುತ್ ಕೇಂದ್ರ.

ಮೊದಲು ಅಡುಗೆಮನೆಯಿಂದ ಶುರು ಮಾಡೋಣ. ಬೆಳಗ್ಗೆ ಚಟ್ನಿ ರುಬ್ಬುವಾಗ ಪಕ್ಕದ ಮನೆಯವರನ್ನೂ ಎಬ್ಬಿಸುವ ಮಿಕ್ಸಿ 750 ವ್ಯಾಟಿನದು. ದಿನಕ್ಕೆ 10 ನಿಮಿಷ, ಹಬ್ಬ ಹರಿದಿನ ಎನ್ನದೆ 365 ದಿನವೂ ಓಡಿದರೆ ಅದರ ಖರ್ಚು ವರ್ಷಕ್ಕೆ 46 ಯೂನಿಟ್ ಆಗುವುದಿಲ್ಲ. ಅತ್ತ ಹಾಲ್‌ನಲ್ಲಿ ಟಿವಿ ಕೆಳಗೆ ಸದ್ದಿಲ್ಲದೆ ಕೂತ ಸೆಟ್ ಟಾಪ್ ಬಾಕ್ಸ್ 12 ವ್ಯಾಟಿನದು. ಅದರದು ವರ್ಷಕ್ಕೆ 105 ಯೂನಿಟ್. ಗದ್ದಲ ಮಾಡುವ ಮಿಕ್ಸಿಯ ಎರಡು ಪಟ್ಟಿಗಿಂತ ಹೆಚ್ಚು. 70 ವ್ಯಾಟಿನ ಟಿವಿಯನ್ನು ದಿನಕ್ಕೆ 4 ಗಂಟೆ ನೋಡುವ ಮನೆಯಲ್ಲಿ ಟಿವಿಯ ಖರ್ಚು 102 ಯೂನಿಟ್. ಅಂದರೆ ಚಿತ್ರ ತೋರಿಸುವ ಪರದೆಗಿಂತ ಚಿತ್ರ ತಂದುಕೊಡುವ ಪೆಟ್ಟಿಗೆಗೇ ಊಟ ಜಾಸ್ತಿ. ಆ 105ರಲ್ಲಿ ಯಾರಾದರೂ ಟಿವಿ ನೋಡುತ್ತಿದ್ದಾಗ ಖರ್ಚಾದದ್ದು 18 ಯೂನಿಟ್ಟೂ ಇಲ್ಲ. ಮಿಕ್ಕ 87 ಯೂನಿಟ್ ಮನೆಮಂದಿಯೆಲ್ಲ ಆಫೀಸು, ಶಾಲೆ, ನಿದ್ದೆಯಲ್ಲಿದ್ದ ಹೊತ್ತಿನದು.

ರಿಮೋಟಿನ ಕೆಂಪು ಗುಂಡಿ ಒತ್ತಿ ಆಫ್ ಮಾಡುತ್ತೇವಲ್ಲ ಎನ್ನಬಹುದು. ಬಹಳಷ್ಟು ಡಿಟಿಎಚ್ ಪೆಟ್ಟಿಗೆಗಳಲ್ಲಿ ಆ ಗುಂಡಿ ಚಿತ್ರ ಮತ್ತು ಧ್ವನಿಯನ್ನು ನಿಲ್ಲಿಸುತ್ತದೆ, ಅಷ್ಟೇ. ಒಳಗಿನ ಪ್ರೊಸೆಸರ್ ಎಚ್ಚರವಾಗಿರುತ್ತದೆ. ಚಾನೆಲ್ ಪಟ್ಟಿ, ಚಂದಾ ಪರವಾನಗಿ, ಹೊಸ ಸಾಫ್ಟ್‌ವೇರ್ ಯಾವಾಗ ಬಂದರೂ ಹಿಡಿದುಕೊಳ್ಳಲು ಉಪಗ್ರಹದ ಕಡೆಗೆ ಕಿವಿಗೊಟ್ಟೇ ಇರುತ್ತದೆ. ತಾರಸಿಯ ಮೇಲಿನ ಡಿಶ್ ಬುಟ್ಟಿಯ ಮುಂದೆ ಒಂದು ಪುಟ್ಟ ರಿಸೀವರ್ ಇರುತ್ತದೆ. ಅದಕ್ಕೆ 13 ಅಥವಾ 18 ವೋಲ್ಟ್ ಕರೆಂಟು ಹೋಗುವುದು ಕೆಳಗಿನ ಇದೇ ಪೆಟ್ಟಿಗೆಯಿಂದ, ಅದೇ ಕೇಬಲ್ಲಿನಲ್ಲಿ. ಹಾಗಾಗಿ ಆನ್ ಇದ್ದಾಗ 12 ವ್ಯಾಟ್ ಎಳೆಯುವ ಪೆಟ್ಟಿಗೆ ಆಫ್ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಎಳೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಗೋಡೆಯ ಸ್ವಿಚ್ ಒತ್ತಿದಾಗ ಮಾತ್ರ ಅದು ನಿಜವಾಗಿ ಮಲಗುತ್ತದೆ.

ಈಗ ಬೆಂಗಳೂರಿನ ಜೆ.ಪಿ. ನಗರದ ಸಾಧಾರಣ ಎರಡು ಬೆಡ್‌ರೂಮಿನ ಮನೆಯೊಂದನ್ನು ಎಣಿಸೋಣ. ಫೈಬರ್ ಪೆಟ್ಟಿಗೆ ಮತ್ತು ವೈಫೈ ರೂಟರ್ ಸೇರಿ 12 ವ್ಯಾಟ್. ಸೆಟ್ ಟಾಪ್ ಬಾಕ್ಸ್ 12. ಕರೆಂಟು ಹೋದಾಗ ಕೈಹಿಡಿಯುವ ಇನ್ವರ್ಟರ್, ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಟ್ಟುಕೊಳ್ಳಲು 10. ಬಾಗಿಲ ಮೇಲಿನ ಒಂದು ಕ್ಯಾಮೆರಾ 4. ಟಿವಿ, ವಾಷಿಂಗ್ ಮಷೀನ್, ಮೈಕ್ರೊವೇವ್ ಗಡಿಯಾರ, ನೀರಿನ ಫಿಲ್ಟರ್ ಮುಂತಾದವುಗಳ ಚಿಲ್ಲರೆ ಎಲ್ಲ ಸೇರಿ 7. ಒಟ್ಟು 45 ವ್ಯಾಟ್. ಫ್ರಿಜ್ಜನ್ನು ಇಲ್ಲಿ ಸೇರಿಸಿಲ್ಲ, ಅದು ದುಡಿದು ತಿನ್ನುವ ಸಾಧನ. ಆದರೂ 45 ವ್ಯಾಟ್ ಎಂದರೆ ವರ್ಷಕ್ಕೆ 394 ಯೂನಿಟ್, ಸುಮಾರು 2,760 ರೂಪಾಯಿ. ಸಣ್ಣ ಒಂಟಿ ಬಾಗಿಲಿನ ಫ್ರಿಜ್ಜಿನ ಮೇಲೆ ಅಂಟಿಸಿದ ನಕ್ಷತ್ರದ ಚೀಟಿ ವರ್ಷಕ್ಕೆ 150ರಿಂದ 200 ಯೂನಿಟ್ ಎನ್ನುತ್ತದೆ. ಅಂಥ ಇನ್ನೂ ಎರಡು ಫ್ರಿಜ್ಜುಗಳು ಕಣ್ಣಿಗೆ ಕಾಣದಂತೆ ಮನೆಯಲ್ಲಿ ಓಡುತ್ತಿವೆ ಎಂದಾಯಿತು.

ದಕ್ಷಿಣ ಬೆಂಗಳೂರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿರುವಿದೆ. ಬೇಸಿಗೆಯಿಡೀ ಎಸಿ ಓಡುವ ದೆಹಲಿಯ ಮನೆಯ ಬಿಲ್ಲಿನಲ್ಲಿ 45 ವ್ಯಾಟ್ ಎಲ್ಲಿ ಅಡಗಿತೋ ಗೊತ್ತಾಗುವುದಿಲ್ಲ. ಮರದ ನೆರಳಿನ ಜಯನಗರ, ಬನಶಂಕರಿಯ ಹಳೆಯ ಮನೆಗಳಲ್ಲಿ ಫ್ಯಾನಿಗೇ ಕೆಲಸ ಕಡಿಮೆ. ತಿಂಗಳಿಗೆ 150 ಯೂನಿಟ್ ಬಳಸುವ ಅಂಥ ಮನೆಯಲ್ಲಿ ಈ ನಿದ್ದೆಗೆಟ್ಟ ಸಾಮಾನುಗಳ ಪಾಲು ತಿಂಗಳಿಗೆ 32 ಯೂನಿಟ್, ಐದರಲ್ಲಿ ಒಂದು ಪಾಲಿಗೂ ಹೆಚ್ಚು. ಊರಿನ ಹವೆ ಉಳಿಸಿಕೊಟ್ಟದ್ದನ್ನು ಪೆಟ್ಟಿಗೆಗಳು ತಿಂದು ಹಾಕುತ್ತಿವೆ.

ಬಿ.ಟಿ.ಎಂ. ಲೇಔಟಿನ ಸಾಫ್ಟ್‌ವೇರ್ ಮಂದಿಯ ಕೋಣೆಗಳಲ್ಲಿ ಇನ್ನೂ ದೊಡ್ಡ ಅಂಕಿ ಸಿಗುತ್ತದೆ. ದೂರದಿಂದಲೂ ಫೈಲು ತೆಗೆಯಲು ಸಿಗಲಿ ಎಂದು ಆನ್ ಬಿಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್ ಏನೂ ಕೆಲಸ ಮಾಡದೆ 80 ವ್ಯಾಟ್ ಎಳೆಯುತ್ತಿದ್ದರೆ ವರ್ಷಕ್ಕೆ 700 ಯೂನಿಟ್, 4,900 ರೂಪಾಯಿ. ಅದೇ ಕೆಲಸ 6 ವ್ಯಾಟಿನ ಅಂಗೈಯಗಲದ ಕಂಪ್ಯೂಟರಿನಲ್ಲಿ ಆಗುವಂತಿದ್ದರೆ 370 ರೂಪಾಯಿಯಲ್ಲಿ ಮುಗಿಯುತ್ತದೆ. ಇನ್ನೊಂದು ತುದಿಯಲ್ಲಿ ಫೋನಿನ ಚಾರ್ಜರ್ ಇದೆ. ಅದನ್ನು ಕಿತ್ತಿಡು ಎಂದು ಮಕ್ಕಳಿಗೆ ಬೈಗುಳ ಬೀಳದ ಮನೆಯಿಲ್ಲ. ಫೋನು ಸಿಕ್ಕಿಸದ ಈಗಿನ ಒಳ್ಳೆಯ ಚಾರ್ಜರ್ ಎಳೆಯುವುದು ಹೆಚ್ಚೆಂದರೆ ವ್ಯಾಟಿನ ಹತ್ತನೇ ಒಂದು ಭಾಗ. ವರ್ಷವಿಡೀ ಹಾಗೇ ಬಿಟ್ಟರೂ ಆರು ರೂಪಾಯಿ. 2,000 ವ್ಯಾಟಿನ ಗೀಸರ್ ಒಮ್ಮೆ ಮರೆತು 26 ನಿಮಿಷ ಹೆಚ್ಚು ಓಡಿದರೆ ಆ ಇಡೀ ವರ್ಷದ ಉಳಿತಾಯ ಆವಿಯಾಗಿ ಹೋಯಿತು.

ಇಷ್ಟೆಲ್ಲ ಕಾಗದದ ಲೆಕ್ಕ ಎನ್ನುವವರಿಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡೇ ಸಾಕ್ಷಿ ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಅಚ್ಚಾಗಿರುತ್ತದೆ, 3,200 ಅಥವಾ 1,600 ಎಂದು. 3,200ರ ಮೀಟರಿನಲ್ಲಿ ಒಂದು ಮಿಟುಕೆಂದರೆ 1,125 ಜೂಲ್. ರಾತ್ರಿ ಫ್ಯಾನು, ದೀಪ, ಫ್ರಿಜ್ ಎಲ್ಲವನ್ನೂ ಐದು ನಿಮಿಷ ಆಫ್ ಮಾಡಿ, ಎರಡು ಮಿಟುಕುಗಳ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ. 1,125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಬರುವ ಅಂಕಿಯೇ ನಿಮ್ಮ ಮನೆಯ ನಿದ್ದೆಗೆಟ್ಟ ವ್ಯಾಟುಗಳು. 25 ಸೆಕೆಂಡಿಗೊಮ್ಮೆ ಮಿಟುಕಿದರೆ 45 ವ್ಯಾಟ್. 11 ಸೆಕೆಂಡಿಗೇ ಮಿಟುಕಿದರೆ 100 ವ್ಯಾಟ್ ದಾಟಿದೆ, ಯಾವುದೋ ಕೋಣೆಯಲ್ಲಿ ಏನೋ ಮರೆತುಹೋಗಿದೆ. 1,600ರ ಮೀಟರಾದರೆ 2,250ರಿಂದ ಶುರು ಮಾಡಬೇಕು.

ಬಿಲ್ಲೇ ಸೊನ್ನೆಯಾದ ಮೇಲೆ ಈ ಲೆಕ್ಕ ಏಕೆ? 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ನಿಯಮ ನೋಡಿದರೆ ತಿಳಿಯುತ್ತದೆ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅಷ್ಟು, ಅದರ ಮೇಲೆ ಶೇ. 10, ಅದು ಉಚಿತ. ಸರಾಸರಿ 90 ಇದ್ದ ಮನೆಗೆ 99 ಯೂನಿಟ್, ಅಂದರೆ ಕೈಯಲ್ಲಿರುವ ಸಡಿಲ 9 ಯೂನಿಟ್. ಹೊಸದಾಗಿ ತಂದಿಟ್ಟ 12 ವ್ಯಾಟಿನ ಒಂದೇ ಪೆಟ್ಟಿಗೆ ತಿಂಗಳಿಗೆ 8.64 ಯೂನಿಟ್ ನುಂಗಿ ಆ ಸಡಿಲವನ್ನು ಮುಗಿಸಿಬಿಡುತ್ತದೆ. 200ರ ಗಡಿ ಇನ್ನೂ ಕಠಿಣ. ಪೂರ್ತಿ 200 ಯೂನಿಟ್ಟಿನ ಅರ್ಹತೆ ಇರುವ ಮನೆಗೆ 200ನೇ ಯೂನಿಟ್‌ವರೆಗೆ ಬಿಲ್ ಸೊನ್ನೆ, 201ನೇ ಯೂನಿಟ್ ಬಿದ್ದರೆ ಇಡೀ ಬಿಲ್ ಕಟ್ಟಬೇಕು. ಮೂರು ಕಿಲೊವ್ಯಾಟ್ ಮಂಜೂರಾದ ಮನೆಗೆ ನಿಗದಿತ ಶುಲ್ಕವೂ ಸೇರಿ ಅದು 1,600 ರೂಪಾಯಿ ದಾಟುತ್ತದೆ. ಒಂದು ಯೂನಿಟ್ಟಿಗೆ 1,600 ರೂಪಾಯಿ! 2023ರ ಚುನಾವಣೆಯಲ್ಲಿ 16 ಮತಗಳ ಅಂತರದಿಂದ ಶಾಸಕರನ್ನು ಆರಿಸಿದ ಜಯನಗರದವರಿಗೆ ಗಡಿಯಂಚಿನ ಅಂಕಿಗಳ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಸೊನ್ನೆ ಬಿಲ್ಲಿನ ಯೂನಿಟ್ಟುಗಳೂ ಪುಕ್ಕಟೆಯೇನಲ್ಲ. ವರ್ಷಕ್ಕೆ ಸುಮಾರು 10 ಸಾವಿರ ಕೋಟಿ ರೂಪಾಯಿ ಸರ್ಕಾರದ ಬೊಕ್ಕಸದಿಂದ ಹೋಗುತ್ತಿದೆ.

ಇನ್ನು ಮನೆಯಿಂದ ಊರಿಗೆ ಬರೋಣ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದಕ್ಕೆ ಜಾಗವಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೂ ಅದೇ ಕರೆಂಟು ಬಂತು. ಆರಂಭದಲ್ಲಿ ಅಲ್ಲಿದ್ದದ್ದು 720 ಕಿಲೊವ್ಯಾಟಿನ ಆರು ಜನರೇಟರುಗಳು, ಒಟ್ಟು 4,320 ಕಿಲೊವ್ಯಾಟ್. ನೆಲದಾಳದ ಗಣಿಯನ್ನು ನಡೆಸಲು ಕಟ್ಟಿದ ಆ ಕೇಂದ್ರ ಇವತ್ತು ಪೂರ್ತಿ ಓಡಿದರೂ 1 ಲಕ್ಷ 80 ಸಾವಿರ ಮನೆಗಳ ಬರೀ ರೂಟರ್ ಮತ್ತು ಸೆಟ್ ಟಾಪ್ ಬಾಕ್ಸಿಗೆ ಸರಿಹೋಗುತ್ತದೆ. ಬೆಳೆದು ನಿಂತ ಈಗಿನ ಶಿವನಸಮುದ್ರದ ಸಾಮರ್ಥ್ಯ 42 ಮೆಗಾವ್ಯಾಟ್. ಅದೂ 17.5 ಲಕ್ಷ ಮನೆಗಳ ಆ ಎರಡು ಪೆಟ್ಟಿಗೆಗಳಿಗೆ ಮುಗಿಯಿತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ 21 ಸಾವಿರ. ಮನೆಗೆ ನಾಲ್ಕು ಜನವೆಂದರೆ ಆಗಲೇ 24 ಲಕ್ಷ ಮನೆಗಳು.

ಕೈ ಬಿಗಿಹಿಡಿದೇ 20 ಲಕ್ಷ ಮನೆ, ಮನೆಗೆ 45 ವ್ಯಾಟ್ ಎಂದುಕೊಂಡರೂ 90 ಮೆಗಾವ್ಯಾಟ್. ವರ್ಷಕ್ಕೆ 78 ಕೋಟಿ 84 ಲಕ್ಷ ಯೂನಿಟ್, ಸುಮಾರು 550 ಕೋಟಿ ರೂಪಾಯಿ. ಇದನ್ನು ನೀರಿನಲ್ಲಿ ಅಳೆದರೆ ಎದೆ ಝಲ್ಲೆನ್ನುತ್ತದೆ. ಜೋಗದ 253 ಮೀಟರ್ ಎತ್ತರದಿಂದ ಬೀಳುವ ನೀರಿನಿಂದ, ಒಂದಿಷ್ಟೂ ನಷ್ಟವಿಲ್ಲದೆ, ಒಂದು ಯೂನಿಟ್ ಪಡೆಯಲು 1,450 ಲೀಟರ್ ಧುಮುಕಬೇಕು. ನಮ್ಮ 20 ಲಕ್ಷ ಮನೆಗಳ ಒಂದು ದಿನದ ಜಾಗರಣೆಗೆ 313 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಸೇರಿದ ಮೇಲೂ ಬೆಂಗಳೂರು ಕುಡಿಯಲು ಬಳಸಲು ದಿನಕ್ಕೆ ತರಿಸಿಕೊಳ್ಳಬಹುದಾದ ಕಾವೇರಿ ನೀರು ಸುಮಾರು 222 ಕೋಟಿ ಲೀಟರ್. ಇಡೀ ಊರು ಕುಡಿದು, ಮಿಂದು, ಒಗೆದು ಮುಗಿಸುವ ಕಾವೇರಿಗಿಂತ ಹೆಚ್ಚು ನೀರು, ಯಾರೂ ಬಳಸದ ಪೆಟ್ಟಿಗೆಗಳನ್ನು ಎಚ್ಚರವಿಡಲು ಬೀಳಬೇಕು.

ಸೂರ್ಯನನ್ನು ಕೇಳೋಣವೆಂದರೆ ಪಾವಗಡದ ಸೌರ ಉದ್ಯಾನ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ರಾತ್ರಿ, ಮೋಡ ಎಲ್ಲ ಕಳೆದು ವರ್ಷದ ಸರಾಸರಿ ತೆಗೆದರೆ ಕೈಗೆ ಸಿಗುವುದು ಸಾಮರ್ಥ್ಯದ ಐದನೇ ಒಂದು ಭಾಗ. ಹಾಗಾಗಿ ನಿರಂತರ 90 ಮೆಗಾವ್ಯಾಟಿಗೆ 450 ಮೆಗಾವ್ಯಾಟ್ ಫಲಕ, 2,850 ಎಕರೆ ಭೂಮಿ ಬೇಕು. ಜಯನಗರದ ಮಗ್ಗುಲಿನ 240 ಎಕರೆ ಲಾಲ್‌ಬಾಗಿನಂಥ ಹತ್ತಿರ ಹತ್ತಿರ 12 ತೋಟಗಳಿಗೆ ಫಲಕ ಹಾಸಬೇಕು. ಅಷ್ಟಾದರೂ ರಾತ್ರಿ ಪಾಳಿಗೆ ಬ್ಯಾಟರಿ ಬೇರೆ.

ಈ ಗಾತ್ರದ ಸಮಸ್ಯೆಗೆ ಮನೆಯ ಶಿಸ್ತೊಂದೇ ಮದ್ದಲ್ಲ. ಮದ್ದು ಏನೆಂಬುದು ಟಿವಿಯ ಕಥೆಯಲ್ಲಿದೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಅಲನ್ ಮೈಯರ್ ಎಂಬ ವಿಜ್ಞಾನಿ, ಆಫ್ ಮಾಡಿದ ಯಾವ ಸಾಧನವೂ ಒಂದು ವ್ಯಾಟಿಗಿಂತ ಹೆಚ್ಚು ಎಳೆಯಕೂಡದು ಎಂದು ವಾದಿಸಿದರು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನೇ ಅಭಿಯಾನ ಮಾಡಿತು. ಯುರೋಪಿನ ಒಕ್ಕೂಟ 2010ರಲ್ಲಿ ಒಂದು ವ್ಯಾಟಿನ ಮಿತಿಯನ್ನು ಕಾನೂನಾಗಿಸಿ, 2013ರಲ್ಲಿ ಅರ್ಧಕ್ಕಿಳಿಸಿತು. ಹಿಂದೊಮ್ಮೆ ಆಫ್ ಆದಾಗಲೂ ಹತ್ತು ವ್ಯಾಟ್‌ವರೆಗೆ ನುಂಗುತ್ತಿದ್ದ ಟಿವಿಗಳು ಈಗ ಅರ್ಧ ವ್ಯಾಟಿನಲ್ಲಿ ಸುಮ್ಮನಿರುತ್ತವೆ. ಅದಕ್ಕಾಗಿ ಯಾರೂ ಪ್ಲಗ್ ಕೀಳಬೇಕಾಗಲಿಲ್ಲ.

ಸೆಟ್ ಟಾಪ್ ಬಾಕ್ಸಿಗೂ ಅದೇ ಶಿಸ್ತು ಬಂದು, 12 ವ್ಯಾಟ್ ಬಳಸದಿರುವ ಹೊತ್ತಿನಲ್ಲಿ 1 ಆಯಿತೆನ್ನಿ. 20 ಲಕ್ಷ ಮನೆಗಳಲ್ಲಿ ಉಳಿಯುವುದು 22 ಮೆಗಾವ್ಯಾಟ್, ಶಿವನಸಮುದ್ರದ ಅರ್ಧಕ್ಕಿಂತ ಹೆಚ್ಚು. ಅದನ್ನು ಕಟ್ಟಿ ಪಡೆಯಬೇಕೆಂದರೆ ಭೂಮಿ, ನೀರು, ಅರಣ್ಯದ ಅನುಮತಿ, ವರ್ಷಗಟ್ಟಲೆ ಕಾಮಗಾರಿ. ಪೆಟ್ಟಿಗೆಯಲ್ಲಿ ಪಡೆಯಲು ಬೇಕಾದದ್ದು ಒಳ್ಳೆಯ ವಿನ್ಯಾಸ, ಒಂದು ಆದೇಶ. ಆದರೆ ಪೆಟ್ಟಿಗೆ ಮಾಡುವವರಿಗೆ, ಹಂಚುವವರಿಗೆ ಇದರ ಅವಸರವಿಲ್ಲ. ಆರಿಸಿ ತಂದಿಡುವುದು ಕಂಪನಿ, ಬಿಲ್ ಬರುವುದು ನಮ್ಮ ಮೀಟರಿನ ಆರ್‌ಆರ್ ನಂಬರಿಗೆ. ಅವರ ಖರ್ಚಿನ ಪಟ್ಟಿಯಲ್ಲಿ ಈ ಕರೆಂಟು ಎಂದೂ ಒಂದು ಸಾಲಾಗಿ ಬರುವುದಿಲ್ಲ. ಆಫ್ ಮಾಡಿದಾಗ ಇದು ಎಷ್ಟು ವ್ಯಾಟ್ ಎಂದು ಗ್ರಾಹಕರೂ ನಿಯಂತ್ರಕರೂ ಕೇಳುವ ತನಕ ಬರುವುದೂ ಇಲ್ಲ.