ಊರ ಚುನಾವಣೆಯ ಉಸ್ತುವಾರಿ ಯಾರದು?

ಗಜೇಂದ್ರಗಡ ತಾಲ್ಲೂಕಿನ ನರೇಗಲ್‌ ಜನ ರೋಣ ಕ್ಷೇತ್ರದ ಶಾಸಕರನ್ನು ಆರಿಸುವಾಗ ಚುನಾವಣೆ ನಡೆಸುವುದು ದೆಹಲಿಯ ಭಾರತ ಚುನಾವಣಾ ಆಯೋಗ. ಅದೇ ಜನ ಪಟ್ಟಣ ಪಂಚಾಯಿತಿ ಸದಸ್ಯರಿಗೆ ಮತ ಹಾಕುವಾಗ ಹೊಣೆ ಬೆಂಗಳೂರಿನ ರಾಜ್ಯ ಚುನಾವಣಾ ಆಯೋಗದ್ದು. ಸುತ್ತಲಿನ ಅಬ್ಬಿಗೇರಿ, ಜಕ್ಕಲಿಯಂಥ ಊರುಗಳ ಪಂಚಾಯಿತಿ ಚುನಾವಣೆಯೂ ಇದರದ್ದೇ. ನಳದ ನೀರು, ಗಟಾರ, ಬೀದಿದೀಪ ನೋಡಿಕೊಳ್ಳುವವರನ್ನು ಆರಿಸಿಕೊಡುವ ಈ ಸಂಸ್ಥೆಯ ಪರಿಚಯ ಮನೆಮನೆಗೂ ಇರಬೇಕು.

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಯಾದಾಗ ಇದಕ್ಕೆ ನೆಲೆ ಸಿಕ್ಕಿತು. ಮತದಾರರ ಪಟ್ಟಿಯಿಂದ ಹಿಡಿದು ಚುನಾವಣೆ ಮುಗಿಯುವವರೆಗೆ ಒಬ್ಬರೇ ಆಯುಕ್ತರ ನಿಗಾ. 243ಕೆ ವಿಧಿಯಂತೆ ಅವರನ್ನು ನೇಮಿಸುವವರು ರಾಜ್ಯಪಾಲರು. ಹೈಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವ ಕ್ರಮದಲ್ಲಲ್ಲದೆ ಅವರನ್ನು ತೆಗೆಯುವಂತಿಲ್ಲ. ಸರ್ಕಾರಿ ಹುದ್ದೆಯಲ್ಲಿರುವ ಅಧಿಕಾರಿಗೆ ಈ ಕೆಲಸವನ್ನು ಹೆಚ್ಚುವರಿಯಾಗಿ ವಹಿಸಕೂಡದು ಎಂದು ಗೋವಾ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೀಗೆ ಆಯುಕ್ತರನ್ನು ಹೊರಗೆ ಕಳಿಸುವುದು ಕಷ್ಟ. ಒಳಗೆ ತರುವಾಗ ಮಾತ್ರ ಯಾರೂ ಪ್ರಶ್ನೆ ಕೇಳುವುದಿಲ್ಲ. ರಾಜ್ಯಪಾಲರ ಸಹಿಯ ಹಿಂದಿರುವುದು ಸರ್ಕಾರದ ಸಲಹೆ. ಶಾಸನಸಭೆಯ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಕೇಂದ್ರ ಚುನಾವಣಾ ಆಯೋಗದ ಸದಸ್ಯರಿಗೆ ಸೆನೆಟ್‌ನ ಸಮ್ಮತಿ ಬೇಕು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮಲ್ಲೇ ಲೋಕಾಯುಕ್ತರ ನೇಮಕಕ್ಕೆ ಮುಖ್ಯಮಂತ್ರಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಸಭಾಧ್ಯಕ್ಷರು, ಪರಿಷತ್ ಸಭಾಪತಿ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಅಭಿಪ್ರಾಯ ಪಡೆಯಬೇಕು. ಮಾಹಿತಿ ಆಯುಕ್ತರನ್ನು ಆರಿಸುವ ಸಮಿತಿಯಲ್ಲೂ ವಿರೋಧ ಪಕ್ಷದ ನಾಯಕರಿದ್ದಾರೆ. ಚುನಾವಣಾ ಆಯುಕ್ತರಿಗೇಕೆ ಈ ಕ್ರಮವಿಲ್ಲ?

ಸದನದ ಬಹುಮತಕ್ಕೇ ಎಲ್ಲವನ್ನೂ ಬಿಡುವುದೂ ತರವಲ್ಲ. 2008ರಲ್ಲಿ ಮಹಾರಾಷ್ಟ್ರ ವಿಧಾನಸಭೆ ಅಲ್ಲಿನ ಚುನಾವಣಾ ಆಯುಕ್ತರಿಗೆ ಹಕ್ಕುಚ್ಯುತಿಯ ಹೆಸರಿನಲ್ಲಿ ಎರಡು ದಿನದ ಸೆರೆವಾಸ ವಿಧಿಸಿತ್ತು. ಆದ್ದರಿಂದ ಸರ್ಕಾರ, ವಿರೋಧ ಪಕ್ಷ, ನ್ಯಾಯಾಂಗ ಮೂರೂ ಕೂತು ಹೆಸರು ಆರಿಸುವ ಸಮಿತಿಯೇ ಲೇಸು.

ಇದರ ತುರ್ತು ಹಳ್ಳಿಗಳಿಗೆ ಚೆನ್ನಾಗಿ ಗೊತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ಗಡಿ ಗುರುತಿಸುವ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಸರ್ಕಾರ ದಿನ ತಳ್ಳುತ್ತಿದ್ದರೆ ಎದುರು ನಿಂತು ‘ಚುನಾವಣೆ ನಡೆಸಲೇಬೇಕು’ ಎನ್ನುವ ಧೈರ್ಯ ಆಯುಕ್ತರಿಗೆ ಬೇಕು. ಆ ಸರ್ಕಾರವೊಂದರ ಋಣದಲ್ಲೇ ಬಂದವರಿಂದ ಅಂಥ ಧೈರ್ಯ ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಮತದಾರರಿಗೂ ಅನ್ಯಾಯ.