ಒಂದಡಿಯ ರಾಣಿಗೆ ಒಂದು ಮೀಟರ್ ಸೀರೆ

ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕೂರುವ ಗೊಂಬೆಗಳಲ್ಲಿ ಬಹುಪಾಲಿನವು ಅಂಗಡಿಯಿಂದ ಬಂದ ದಿನ ಹೇಗಿದ್ದವೋ ಹಾಗೆಯೇ ಉಳಿಯುತ್ತವೆ. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣವೇ ಬಟ್ಟೆ. ಕಿನ್ನಾಳದ ಗೊಂಬೆಗೆ ಸೀರೆ, ಒಡವೆ ಎಲ್ಲವನ್ನೂ ಕಲಾವಿದನೇ ಬರೆದು ಮುಗಿಸಿರುತ್ತಾನೆ. ಮಣ್ಣಿನ ದಶಾವತಾರದ ಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ಧೂಳು ಒರೆಸಿದರೆ ಸಾಕು. ವರ್ಷ ವರ್ಷವೂ ಹೊಸ ಉಡುಗೆ ಕೇಳುವುದು ಒಂದೇ ಒಂದು ಜೋಡಿ: ಎಲ್ಲಕ್ಕಿಂತ ಮೇಲೆ ಕೂರುವ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಇಡೀ ಗೊಂಬೆ ಹಬ್ಬದಲ್ಲಿ ಮನೆಯವರ ಕೈಕೆಲಸಕ್ಕೆಂದೇ ಜಾಗ ಬಿಟ್ಟುಕೊಟ್ಟಿರುವುದು ಈ ಜೋಡಿ ಮಾತ್ರ. ಆ ಕೆಲಸ ಈಗ ಅಂಗಡಿಗೆ ಹೋಗುತ್ತಿದೆ. ಸೀರೆ, ಪೇಟ, ಸರ ಎಲ್ಲವನ್ನೂ ಅಂಟು ಹಾಕಿ ಕೂರಿಸಿದ ಜೋಡಿಯನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ತಂದು ಮೇಲಿನ ಮೆಟ್ಟಿಲಿಗೆ ಇಟ್ಟುಬಿಡುತ್ತೇವೆ. ಅದು ಅಂಗಡಿಗೂ ಅಲ್ಲ, ಹಿರಿಯರಿಗೂ ಅಲ್ಲ, ಮನೆಯ ಮಕ್ಕಳಿಗೆ ಸೇರಬೇಕಾದ ಕೆಲಸ ಎಂಬುದು ನನ್ನ ವಾದ. ಮಗುವೊಂದು ಸೂಜಿ ದಾರ ಹಿಡಿದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮಲ್ಲಿ ಬೇರೆ ಇಲ್ಲ.

ಈ ಜೋಡಿಯ ಇತಿಹಾಸವನ್ನು ಚುಟುಕಾಗಿ ಹೇಳಬಹುದು. ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮುಂದೆ ಮೈಸೂರಿನ ಅರಮನೆಯಲ್ಲಿ ಗೊಂಬೆಗಳಿಗಾಗಿಯೇ ಗೊಂಬೆ ತೊಟ್ಟಿ ಎಂಬ ಜಾಗವಾಯಿತು. ಪ್ರಜೆಗಳ ಮನೆಗಳಲ್ಲಿ ರಾಜದಂಪತಿಯ ಹೆಸರಿನಲ್ಲಿ ಈ ಜೋಡಿ ಕೂತಿತು. ಮದುವೆಯಲ್ಲಿ ತವರಿನವರು ಮಗಳಿಗೆ ಪಟ್ಟದ ಗೊಂಬೆ ಕೊಡುವುದು ವಾಡಿಕೆ. ಹಳೆಯ ಜೋಡಿಗಳು ರಕ್ತಚಂದನದವು, ತಿರುಪತಿಯ ಕಡೆಯಿಂದ ಬಂದವು. ಆ ಮರ ಬೆಳೆಯುವುದು ಶೇಷಾಚಲದ ಸುತ್ತಮುತ್ತಲ ಕಾಡುಗಳಲ್ಲಿ. ಅದರ ಕಡಿತ ಮತ್ತು ಮಾರಾಟದ ಮೇಲೆ ಇಂದು ಬಿಗಿ ಕಾನೂನಿರುವುದರಿಂದ ಈಗಿನ ಜೋಡಿಗಳು ಹೆಚ್ಚಾಗಿ ಬೇರೆ ಮರದವು. ಈ ಇತಿಹಾಸದಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಒಂದಿದೆ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಲು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನು ತರಬೇಕಾಯಿತು. ಅಂದರೆ, ಗೊಂಬೆಯ ಜೋಡಿಯನ್ನು ಹೊತ್ತು ಗಂಡನ ಮನೆಗೆ ಹೋದ ಎಷ್ಟೋ ಮದುಮಕ್ಕಳು ಗೊಂಬೆಯಾಡುವ ವಯಸ್ಸಿನವರೇ. ಪಟ್ಟದ ಗೊಂಬೆಗೆ ಸೀರೆ ಉಡಿಸಿದ ಮೊದಲ ಕೈಗಳಲ್ಲಿ ಮಕ್ಕಳ ಕೈಗಳೂ ಇದ್ದವು. ಆ ಮದುವೆಗಳು ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಗೊಂಬೆಯ ಮೇಲೆ ಮಕ್ಕಳಿಗಿದ್ದ ಹಕ್ಕೂ ಹೋಗಬೇಕಾಗಿರಲಿಲ್ಲ.

ಈ ಗೊಂಬೆಗೆ ಬಟ್ಟೆ ತೊಡಿಸುವುದು ಸುಲಭವಲ್ಲ, ಅದೇ ಅದರ ಸೊಗಸು. ಬಾರ್ಬಿಯಂಥ ಗೊಂಬೆಯ ಕೈಕಾಲು ಆಡುತ್ತವೆ. ಹೊಲಿದ ಅಂಗಿಯನ್ನು ತೂರಿಸಿ, ಹಿಂದೆ ಒತ್ತುಗುಂಡಿ ಹಾಕಿದರೆ ಕೆಲಸ ಮುಗಿಯಿತು. ಪಟ್ಟದ ಗೊಂಬೆ ಒಂದೇ ತುಂಡು ಮರ. ಕಾಲುಗಳು ಕೂಡಿಕೊಂಡಿರುತ್ತವೆ, ಕೈಗಳು ಸಾಮಾನ್ಯವಾಗಿ ಮೈಗೆ ಅಂಟಿರುತ್ತವೆ. ತೂರಿಸಿ ಹಾಕುವ ಯಾವ ಉಡುಪೂ ಅದಕ್ಕೆ ಆಗುವುದಿಲ್ಲ. ರವಿಕೆಯನ್ನು ರವಿಕೆಯಂತೆ ಹೊಲಿದರೆ ವ್ಯರ್ಥ. ಎದೆಗೊಂದು ಪಟ್ಟಿ, ತೋಳಿಗೆ ಒಂದೊಂದು ಪಟ್ಟಿ ಕತ್ತರಿಸಿ, ತುದಿಗಳು ಬೆನ್ನ ಮೇಲೆ ಸೆರಗಿನಡಿ ಅಡಗುವಂತೆ ಕೂರಿಸಬೇಕು. ಮರ ನುಣುಪು, ರೇಷ್ಮೆಯೂ ನುಣುಪು, ಹಾಗಾಗಿ ಸೀರೆ ಸೊಂಟದಲ್ಲಿ ನಿಲ್ಲದೆ ಜಾರುತ್ತದೆ. ಇದಕ್ಕೆ ಉಪಾಯವೆಂದರೆ ಮೊದಲು ಹಳೆಯ ಹತ್ತಿ ಬಟ್ಟೆಯ ಪಟ್ಟಿಯೊಂದನ್ನು ಸೊಂಟಕ್ಕೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ಎರಡು ಟಾಕು ಹಾಕುವುದು. ಅದು ಲಂಗದ ಕೆಲಸ ಮಾಡುತ್ತದೆ, ಸೂಜಿಗೂ ಹಿಡಿತ ಸಿಗುತ್ತದೆ.

ಇನ್ನು ಸೀರೆಯ ಲೆಕ್ಕ. ಐದಡಿ ಎತ್ತರದ ಹೆಂಗಸಿಗೆ ಐದೂವರೆ ಮೀಟರ್ ಸೀರೆಯಾದರೆ ಒಂದಡಿಯ ರಾಣಿಗೆ ಎಷ್ಟು? ಐದರಲ್ಲಿ ಒಂದು ಪಾಲು, ಒಂದು ಮೀಟರಿನ ಮೇಲೆ ಹತ್ತು ಸೆಂಟಿಮೀಟರ್. ಅಗಲ ಒಂದು ಗೇಣು. ನಾಲ್ಕು ಅಂಗುಲದ ಅಂಚು ಒಂದು ಅಂಗುಲಕ್ಕೂ ಕಡಿಮೆಯಾಗಬೇಕು. ಐದನೇ ತರಗತಿಯ ಮಗು ಕಾಗದದ ಮೇಲೆ ಇಷ್ಟನ್ನು ಸಲೀಸಾಗಿ ಮಾಡುತ್ತದೆ. ಆದರೆ ಬಟ್ಟೆ ಈ ಲೆಕ್ಕಕ್ಕೆ ಪೂರ್ತಿ ಬಗ್ಗುವುದಿಲ್ಲ. ಉದ್ದ, ಅಗಲಗಳನ್ನು ಐದನೇ ಒಂದಕ್ಕೆ ಇಳಿಸಬಹುದು, ದಪ್ಪವನ್ನು ಇಳಿಸಲಾಗುವುದಿಲ್ಲ. ಏಳು ನೆರಿಗೆ ಹಿಡಿದರೆ ರಾಣಿಯ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಗಟ್ಟಿ ರೇಷ್ಮೆಯಾದರೆ ನೆರಿಗೆ ಬೀಳುವ ಬದಲು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ನಾಲ್ಕೇ ನೆರಿಗೆ ಸಾಕು ಎಂಬ ತೀರ್ಮಾನಕ್ಕೆ ಮಗು ತಾನೇ ಬರುತ್ತದೆ. ಅಂಗುಲ ಅಗಲದ ನೆರಿಗೆ ಮೂರು ಕಡಿಮೆಯಾದರೆ ಬಟ್ಟೆ ಹದಿನೈದು ಸೆಂಟಿಮೀಟರ್ ಉಳಿಯುತ್ತದೆ, ಸೀರೆ ಒಂದು ಮೀಟರಿನೊಳಗೆ ಬರುತ್ತದೆ. ಒಂದು ಮೀಟರ್ ಎಂದರೆ, ಅರಿಶಿನ ಕುಂಕುಮಕ್ಕೆ ಕೊಟ್ಟು ತೆಗೆದುಕೊಂಡು ಪ್ರತಿ ಮನೆಯ ಬೀರುವಿನಲ್ಲೂ ಸೇರಿರುವ ರವಿಕೆ ಕಣದ ಹೆಚ್ಚುಕಡಿಮೆ ಅಳತೆ. ಅಂಚಿರುವ ಕಣವನ್ನು ಅಂಚಿನುದ್ದಕ್ಕೂ ಒಂದು ಗೇಣು ಅಗಲಕ್ಕೆ ಕತ್ತರಿಸಿದರೆ ರಾಣಿಯ ಸೀರೆ ಸಿದ್ಧ, ಮಿಕ್ಕಿದ್ದರಲ್ಲಿ ರಾಜನ ಶಲ್ಯ. ಗುಳೇದಗುಡ್ಡದ ಖಣ ಸಿಕ್ಕರಂತೂ ಇನ್ನೂ ಚೆನ್ನ, ಅದರ ಬುಟ್ಟಗಳು ಪುಟ್ಟವು, ಗೊಂಬೆಯ ಅಳತೆಗೆ ಒಪ್ಪುತ್ತವೆ. ನೆರಿಗೆಯನ್ನು ತೆಳು ಗಂಜಿಯಲ್ಲಿ ಒದ್ದೆ ಮಾಡಿ, ಮಡಿಸಿ, ಮೇಲ್ತುದಿಗೆ ಕಚ್ಚಾ ಹೊಲಿಗೆ ಹಾಕಿ, ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟರೆ ಗೆರೆ ಕೊರೆದಂತೆ ನಿಲ್ಲುತ್ತದೆ. ಬೆಳಿಗ್ಗೆ ಸೊಂಟದ ಪಟ್ಟಿಗೆ ಟಾಕು ಹಾಕಿ, ಹೊಲಿಗೆ ಕಾಣದಂತೆ ಜರಿ ಲೇಸಿನ ಡಾಬು ಕಟ್ಟುವುದು. ರಾಜನ ಉಡುಗೆ ಇದರ ಮುಂದೆ ಸುಲಭ: ಪಂಚೆ, ನಿಲುವಂಗಿಯ ಬದಲಿಗೊಂದು ಶಲ್ಯ, ಮಗುವಿನ ಹಳೆಯ ಬಳೆಗೆ ಜರಿ ಪಟ್ಟಿ ಸುತ್ತಿದರೆ ಪೇಟ.

ಇದರಲ್ಲಿ ಮಗು ಕಲಿತದ್ದು ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಅಳತೆ, ಅನುಪಾತ, ಬಟ್ಟೆಯ ಗುಣ, ಟಾಕು, ಕಚ್ಚಾ ಹೊಲಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಶುರು ಮಾಡಿದ್ದನ್ನು ತಾನೇ ಮುಗಿಸುವುದು. ದೊಡ್ಡವರ ಅಂಗಿ ಹೊಲಿಯಲು ಹೋದರೆ ಮಗುವಿನ ಪಾಲಿಗೆ ಬರುವುದು ಗುಂಡಿ ಹಚ್ಚುವ ಕೆಲಸ. ಗೊಂಬೆಯ ಸೀರೆಯಾದರೆ ಪೂರ್ತಿ ಸೀರೆಯೇ ಅದರದು. ಶಿಕ್ಷಣದ ಬಗ್ಗೆ ಆಳವಾಗಿ ಯೋಚಿಸಿದವರು ಕೈಕೆಲಸಕ್ಕೆ ಕೊಟ್ಟ ಬೆಲೆಯನ್ನು ಇಲ್ಲಿ ನೆನೆಯಬೇಕು. ಕಿಂಡರ್‌ಗಾರ್ಟನ್ ಕಟ್ಟಿದ ಜರ್ಮನಿಯ ಫ್ರೋಬೆಲ್ ಕಾಗದ ನೇಯುವುದು, ಚುಚ್ಚಿ ಹೊಲಿಯುವುದು, ಮಡಿಸುವುದನ್ನು ಪುಟ್ಟ ಮಕ್ಕಳ ನಿತ್ಯದ ಕೆಲಸವಾಗಿಸಿದರು. 1907ರಲ್ಲಿ ರೋಮಿನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾಂಟೆಸ್ಸರಿಯವರು ಗುಂಡಿ ಹಾಕುವುದು, ಲೇಸು ಕಟ್ಟುವುದನ್ನು ಕಲಿಸಲು ಬಟ್ಟೆ ಬಿಗಿದ ಮರದ ಚೌಕಟ್ಟುಗಳನ್ನೇ ಮಾಡಿಸಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ತಿರುಳು, ಕೈಕಸುಬಿನ ಮೂಲಕವೇ ಉಳಿದ ಪಾಠಗಳೂ ಬರಬೇಕು ಎಂಬುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕುಶಲಕರ್ಮಿಗಳ ಜೊತೆ ಕಲಿಯಲು ಹತ್ತು ದಿನಗಳ ಚೀಲರಹಿತ ಅವಧಿಯನ್ನು ಹೇಳುತ್ತದೆ. ಇವರೆಲ್ಲ ಹೊಸದಾಗಿ ಏರ್ಪಾಡು ಮಾಡಬೇಕಾಗಿ ಬಂದದ್ದು ನಮ್ಮ ಮನೆಗಳಲ್ಲಿ ಹಬ್ಬದ ನೆಪದಲ್ಲಿ ಮೊದಲೇ ಇದೆ. ಅದನ್ನೂ ನಾವೇ ಕೈಯಾರೆ ಕಳೆಯುತ್ತಿದ್ದೇವೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಭಕ್ತಿಯದು. ಕಲಶದ ಪಕ್ಕ ಕೂತು ಪೂಜೆಗೊಳ್ಳುವ ಜೋಡಿಯನ್ನು ಮಕ್ಕಳ ಕೈಗೆ ಕೊಟ್ಟರೆ ಹಾಳಾಗುವುದಿಲ್ಲವೇ, ಸೊಟ್ಟ ನೆರಿಗೆಯ ರಾಣಿಯನ್ನು ನಾಲ್ಕು ಜನರ ಮುಂದೆ ಕೂರಿಸುವುದು ಹೇಗೆ ಎಂದು ಹಿರಿಯರು ಕೇಳುತ್ತಾರೆ. ಕೇಳುವುದು ಸಹಜವೇ. ಆದರೆ ದಕ್ಷಿಣ ಭಾರತದಲ್ಲಿ ಇದೇ ಬಗೆಯ ಮರದ ಗೊಂಬೆಗಳನ್ನು ಮಕ್ಕಳಿಗೆ ಆಡಲು ಕೊಡುವ ರೂಢಿಯೂ ಇತ್ತು. ಸೂಜಿಯಿಂದ ಮರಕ್ಕೆ ಏನೂ ಆಗುವುದಿಲ್ಲ, ಟಾಕು ಬಿಚ್ಚಿದರೆ ಬಟ್ಟೆಯೂ ಉಳಿಯುತ್ತದೆ. ಹಾಳು ಮಾಡುವುದು ಅಂಟು. ಅಂಗಡಿಯ ಅಲಂಕಾರ ಒಮ್ಮೆ ಅಂಟಿತೆಂದರೆ ಮುಂದಿನ ವರ್ಷ ಅದನ್ನು ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ. ಹೀಗಾಗಿ ಅದನ್ನು ಯಾರೂ ಬದಲಿಸುವುದಿಲ್ಲ, ರಾಜ-ರಾಣಿ ಮಾಸಿದ ಬಟ್ಟೆಯಲ್ಲೇ ಹತ್ತು ನವರಾತ್ರಿ ಕಳೆಯುತ್ತಾರೆ. ಸೊಟ್ಟ ನೆರಿಗೆಯೇ ಇದಕ್ಕಿಂತ ಮೇಲು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೆಣ್ಣುಮಕ್ಕಳನ್ನು ಸೂಜಿ, ಗೊಂಬೆಗಳಿಂದ ಬಿಡಿಸಿ ಶಾಲೆಗೆ ಕಳಿಸಲು ತಲೆಮಾರುಗಳೇ ಬೇಕಾದವು. ಈಗ ಮತ್ತೆ ಅದನ್ನೇ ಅವರ ಕೈಗಿಡುವುದೇ? ಮೇಲೆ ಹೇಳಿದ 1894ರ ಕಾನೂನಿನ ಹಿನ್ನೆಲೆಯಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕೆಲಸವನ್ನು ಹುಡುಗಿಯರಿಗೆ ಮಾತ್ರ ಹಚ್ಚುವುದಾದರೆ ಅದನ್ನು ಹಚ್ಚದಿರುವುದೇ ಲೇಸು. ಹುಡುಗರಿಗೂ ಹಚ್ಚಬೇಕು, ಅದಕ್ಕೆ ಹೊರಗಿನ ಉದಾಹರಣೆಯೂ ಬೇಕಾಗಿಲ್ಲ. ನಮ್ಮ ದರ್ಜಿ ಅಂಗಡಿಗಳಲ್ಲಿ ಯಂತ್ರದ ಮುಂದೆ ಕೂತು ಬದುಕು ಕಟ್ಟಿಕೊಂಡವರಲ್ಲಿ ಗಂಡಸರೇ ಹೆಚ್ಚು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತರ ಮನೆತನದಲ್ಲಿ ತಲೆಮಾರುಗಳಿಂದ ಯಕ್ಷಗಾನ ಗೊಂಬೆಯಾಟ ನಡೆದು ಬಂದಿದೆ. ಅಲ್ಲಿ ಒಂದೂವರೆ ಅಡಿಯ ಸೂತ್ರದ ಗೊಂಬೆಗೆ ಕಿರೀಟ, ಕಸೆ, ಸೀರೆ ಎಲ್ಲವೂ ದೊಡ್ಡ ವೇಷಧಾರಿಗಿರುವಂತೆಯೇ ಇವೆ. ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯವನ್ನೇ ತೆರೆದರು. ಅದರ ಕಾರ್ಯಾಗಾರದಲ್ಲಿ ನಾನಾ ರಾಜ್ಯಗಳ ಉಡುಗೆಯ ಗೊಂಬೆಗಳನ್ನು ಕೈಯಲ್ಲೇ ಮಾಡಿ, ಹೊರದೇಶದ ಗೊಂಬೆಗಳಿಗೆ ಬದಲಾಗಿ ಕಳಿಸುತ್ತಿದ್ದರು. ಗೊಂಬೆಗೆ ಬಟ್ಟೆ ಹೊಲಿಯುವುದು ಗಂಡಿಗೆ ಒಪ್ಪದ ಕೆಲಸ ಎನ್ನುವವರು ಇಷ್ಟನ್ನು ನೋಡಬೇಕು.

ಮಕ್ಕಳಿಗೆ ಸಮಯವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ದಸರಾ ರಜೆ ಇರುವುದೇ ಆ ಹೊತ್ತಿಗೆ. ಐದಾರು ವರ್ಷದವರು ಪೇಟ ಸುತ್ತಲಿ, ದೊಡ್ಡ ತೂತಿನ ಮಣಿ ಪೋಣಿಸಲಿ. ಎಂಟರವರು ಮೊಂಡು ಸೂಜಿಯಲ್ಲಿ ಕಚ್ಚಾ ಹೊಲಿಗೆ ಹಾಕಲಿ. ಹತ್ತು ದಾಟಿದವರಿಗೆ ಕತ್ತರಿ ಮತ್ತು ನೆರಿಗೆ. ಗೊಂಬೆ ಕೂರಿಸುವ ವಾಡಿಕೆಯೇ ಇಲ್ಲದ ಮನೆಗಳೂ ಬೇಕಾದಷ್ಟಿವೆ. ಅಲ್ಲಿ ಹಳೆಯ ಕಾಲುಚೀಲಕ್ಕೆ ಹತ್ತಿ ತುಂಬಿ, ಕತ್ತಿಗೆ ದಾರ ಬಿಗಿದು, ದರ್ಜಿ ಅಂಗಡಿಯ ಚೂರುಬಟ್ಟೆಯಲ್ಲಿ ಲಂಗ ಹೊಲಿದರೆ ಅದೇ ಪಾಠ ಆಗುತ್ತದೆ. ಅಲಂಕರಿಸಿದ ಜೋಡಿಗಳನ್ನು ಮಾರಿ ಬದುಕುವ ಮನೆಗಳ ಹೆಂಗಸರ ಗತಿ ಏನು ಎಂಬುದು ಮಾತ್ರ ನಿಜಕ್ಕೂ ಯೋಚಿಸಬೇಕಾದ ಮಾತು. ಹಬ್ಬದ ಮುಂಚಿನ ಒಂದೆರಡು ತಿಂಗಳ ದುಡಿಮೆ ಅವರಿಗೆ ಸಣ್ಣದಲ್ಲ. ಅವರ ಕೆಲಸ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಮುಗಿದ ಗೊಂಬೆಯ ಜೊತೆಗೇ ಉಡುಗೆಯಿಲ್ಲದ ಜೋಡಿ, ಅಳತೆಗೆ ಕತ್ತರಿಸಿದ ಕಣ, ಕಿರಿದಾದ ಅಂಚಿನ ಜರಿ, ಚಮಕಿ, ಮಣಿ ಇರುವ ಪೊಟ್ಟಣವನ್ನೂ ಅವರು ಮಾರಬಹುದು. ಆ ಕೈಗಳಿಗಿರುವ ವಿದ್ಯೆ ಮಕ್ಕಳಿಗೆ ಕಲಿಸಲು ತಕ್ಕದ್ದು. ಶಾಲೆಗಳು ಚೀಲರಹಿತ ದಿನಗಳಲ್ಲಿ ಅವರನ್ನೇ ಕರೆದು, ಸಂಬಳ ಕೊಟ್ಟು ಪಾಠ ಹೇಳಿಸಬೇಕು.

ಮೈಸೂರಿನ ನಜರಬಾದಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನ ವರ್ಷ ವರ್ಷ ಏರ್ಪಡಿಸುವ ‘ಬೊಂಬೆ ಮನೆ’ ಪ್ರದರ್ಶನಕ್ಕೆ ದಸರಾ ಮುಂಚೆ ಹೋದರೆ ದೇಶದ ನಾನಾ ಕಡೆಯ ಗೊಂಬೆಗಳು ಸಿಗುತ್ತವೆ. ಅಲ್ಲಿಗೇ ಆಗಲಿ, ನಿಮ್ಮೂರಿನ ಅಂಗಡಿಗೇ ಆಗಲಿ ಹೋದಾಗ ಬಟ್ಟೆ ತೊಡಿಸದ ಜೋಡಿ ಇದೆಯೇ ಎಂದು ಕೇಳಿ. ಕೇಳುವವರಿದ್ದರೆ ಮುಂದಿನ ವರ್ಷ ಅಂಗಡಿಯವರೇ ತರಿಸುತ್ತಾರೆ. ಹೊರದೇಶದಲ್ಲಿ ಗೊಂಬೆ ಕೂರಿಸುವ ಕನ್ನಡದ ಮನೆಗಳಿಗೂ ಇದೇ ಅನುಕೂಲ, ಬರಿಯ ಜೋಡಿ ಸೂಟ್‌ಕೇಸಿನ ಮೂಲೆಯಲ್ಲಿ ಹಿಡಿಸುತ್ತದೆ, ಸೀರೆಯನ್ನು ಅಲ್ಲಿನ ಮಕ್ಕಳು ಅಲ್ಲೇ ಉಡಿಸಬಹುದು. ಸಂಜೆ ಗೊಂಬೆ ನೋಡಲು ಬಂದು ತಿನ್ನಲು ಚರ್ಪು ಕೇಳುವ ನೆರೆಮನೆಯ ಮಕ್ಕಳಿಗೆ ಆ ಸೀರೆ ಯಾರು ಉಡಿಸಿದ್ದೆಂದು ಹೇಳಿ, ಅವರೂ ಮನೆಗೆ ಹೋಗಿ ಕಣ ಕೇಳುತ್ತಾರೆ. ನೆರಿಗೆಗೆ ಗಂಜಿ ಹಾಕುವ ಹದ, ಡಾಬಿನಡಿ ಟಾಕು ಅಡಗಿಸುವ ಬಗೆ ಈಗ ಚೆನ್ನಾಗಿ ಗೊತ್ತಿರುವುದು ಮನೆಯ ಅಜ್ಜಿಯರಿಗೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಈ ನವರಾತ್ರಿಯ ಪಾಡ್ಯಕ್ಕೆ ಒಂದು ವಾರ ಮುಂಚೆಯೇ ಮಕ್ಕಳನ್ನು ಅವರ ಪಕ್ಕ ಕೂರಿಸಿ.