ನಾಲ್ಕು ಕವಡೆ, ಎಂಟು ಗಣ

ಚೌಕಾಬಾರದ ನಾಲ್ಕು ಕವಡೆ ನೋಡಲು ಒಂದೇ ತರಹ. ಅಂಗಾತ ಬಿದ್ದವನ್ನು ಎಣಿಸುತ್ತೇವೆ: ಒಂದು, ಎರಡು, ಮೂರು, ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಒಟ್ಟು ಐದು ಬಗೆ. ಹಾಗಾದರೆ ಚೌಕ ಬೀಳುವ ಸಂಭವ ಐದರಲ್ಲಿ ಒಂದೇ? ಆಡಿದವರು ಯಾರೂ ಒಪ್ಪೋದಿಲ್ಲ. ಎರಡು ಬಿದ್ದಷ್ಟು ಸಲೀಸಾಗಿ ಚೌಕ ಬೀಳೋದಿಲ್ಲ. ಯಾಕೆ?

ಉತ್ತರ ನಮ್ಮ ಛಂದಸ್ಸಿನ ಪಾಠದಲ್ಲೇ ಇದೆ. ಮೂರಕ್ಷರದ ಗಣಗಳು ಎಂಟು. ಗುರು ಎಷ್ಟಿವೆ ಅಂತ ನೋಡಿ ಗುಂಪು ಮಾಡೋಣ. ಗುರುವೇ ಇಲ್ಲದ್ದು ನಗಣ ಒಂದೇ. ಒಂದು ಗುರು ಇರುವವು ಭ, ಜ, ಸ: ಗುರು ಮೊದಲಲ್ಲಿ, ನಡುವೆ, ಕೊನೆಯಲ್ಲಿ. ಎರಡು ಗುರು ಇರುವವು ಯ, ರ, ತ. ಮೂರೂ ಗುರುವಾದದ್ದು ಮಗಣ ಒಂದೇ. ಅಂದರೆ 1, 3, 3, 1. ಗುರುವಿಗೂ ಗುರುವಿಗೂ ಭೇದವಿಲ್ಲ. ಅದು ಕೂತ ಜಾಗಕ್ಕೆ ಭೇದವಿದೆ. ಜಾಗ ಬದಲಾದರೆ ಗಣದ ಹೆಸರೇ ಬದಲು!

ಕವಡೆಗೂ ಇದೇ ನ್ಯಾಯ. ಒಂದೊಂದು ಕವಡೆಗೆ ಎರಡು ಗತಿ. ನಾಲ್ಕಕ್ಕೆ 2×2×2×2, ಅಂದರೆ 16 ಬಗೆ. ಇವುಗಳಲ್ಲಿ ಎರಡು ಅಂಗಾತ ಬೀಳುವವು ಎಷ್ಟು? ಮೊದಲ ಅಂಗಾತಕ್ಕೆ 4 ಕವಡೆ, ಎರಡನೆಯದಕ್ಕೆ ಉಳಿದ 3; ಒಟ್ಟು 12. ಆದರೆ ಯಾವುದು ಮೊದಲು ಅನ್ನುವ ಭೇದ ಇಲ್ಲವಾದ್ದರಿಂದ ಪ್ರತಿ ಜೋಡಿಯನ್ನೂ ಎರಡು ಸಲ ಎಣಿಸಿದಂತಾಯಿತು. ಎರಡರಿಂದ ಭಾಗಿಸಿದರೆ 6. ಹೀಗೆಯೇ ಬಾರ 1, ಒಂದು 4, ಎರಡು 6, ಮೂರು 4, ಚೌಕ 1. ಚೌಕದ ಸಂಭವ ಹದಿನಾರರಲ್ಲಿ ಒಂದು. ಚೌಕವೋ ಬಾರವೋ ಬಿದ್ದು ಇನ್ನೊಂದು ಸಲ ಆಡುವ ಯೋಗ ಎಂಟರಲ್ಲಿ ಒಂದು.

ನನ್ನಂತೆ ಕನ್ನಡ ಮೀಡಿಯಮ್ಮಿನಿಂದ ಬಂದವರು ಇದನ್ನು 'ವಿಕಲ್ಪ' ಎಂದು ಕಲಿತವರು. ಕಾಮರ್ಸ್ ಕ್ಲಾಸಿನಲ್ಲಿ ಅದೇ 'ಕಾಂಬಿನೇಷನ್' ಆಗಿ ಬಂದಾಗ ಹೆದರುವ ಕಾರಣವಿಲ್ಲ. ಕವಿರಾಜಮಾರ್ಗ ಹುಟ್ಟಿದ ನೃಪತುಂಗನ ಕಾಲದಲ್ಲೇ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ತಮ್ಮ ಸಂಸ್ಕೃತ 'ಗಣಿತಸಾರಸಂಗ್ರಹ'ದಲ್ಲಿ ಈ ಸೂತ್ರ ಹೇಳಿದ್ದಾರೆ: ಒಂದರಿಂದ ಏರುವ ಸಾಲು, ಅದೇ ಸಂಖ್ಯೆಗಳ ಇಳಿಯುವ ಸಾಲು ಬರೆದು, ಬೇಕಾದಷ್ಟು ಮನೆ ಗುಣಿಸಿ ಭಾಗಿಸು. ಆ ಗ್ರಂಥ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು ಈ ಊರಲ್ಲೇ. ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಸಂಪಾದಿಸಿದರು, 1912ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂತು.

ಒಂದು ಎಚ್ಚರಿಕೆ. ಅಂಗಾತ, ಬೋರಲು ಎರಡೂ ಸಮವಾಗಿ ಬೀಳುತ್ತವೆ ಎಂದಿಟ್ಟುಕೊಂಡು ಮಾಡಿದ ಲೆಕ್ಕ ಇದು. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅದು ಸಮವಾಗಿಯೇ ಬೀಳಬೇಕೆಂದಿಲ್ಲ. 160 ಸಲ ಬಿಟ್ಟು ಬರೆದಿಡಿ. ಚೌಕ ಹತ್ತರ ಆಸುಪಾಸು ಬಂದರೆ ಲೆಕ್ಕ ಹೊಂದಿತು. ತೀರಾ ಹೆಚ್ಚುಕಮ್ಮಿಯಾದರೆ ಸೂತ್ರವನ್ನು ಬೈಯಬೇಡಿ, ಕವಡೆಯನ್ನು ತಿರುಗಿಸಿ ನೋಡಿ.